ಮಡಚುವುದು, ನೀಡುವುದು

ನಮ್ಮ ಮೈಯಲ್ಲಿರುವ ಕೀಲುಗಳು ಹೇಗೆ ಮಡಚುತ್ತವೆ, ಅವನ್ನು ಆಡಿಸುವ ಸ್ನಾಯುಗಳು ಹೇಗೆ ಕೆಲಸ ಮಾಡುತ್ತವೆ, ಪೆಟ್ಟಾದಾಗ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಮೂವತ್ತೆಂಟು ವರ್ಷ ನೋಟು ಎಣಿಸಿದ ಕೈ ನನ್ನದು. ಆ ಕೈ ಒಂದು ದಿನ ಮಡಚಲಾರದೆ ನಿಂತುಹೋಯಿತು. ಇಷ್ಟು ವರ್ಷ ಅದು ಹೇಗೆ ಮಡಚುತ್ತಿತ್ತು ಎಂದು ಆಗಲೇ ನಾನು ವಿಚಾರಿಸಿದ್ದು. ವಿಚಾರಿಸಿ ತಿಳಿದದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಬಲ ಅಂಗೈಯನ್ನು ಎಡ ತೋಳಿನ ಮುಂಭಾಗದ ಮೇಲಿಡಿ. ಈಗ ಎಡ ಮೊಣಕೈಯನ್ನು ನಿಧಾನವಾಗಿ ಮಡಚಿ. ಅಂಗೈ ಕೆಳಗೆ ಒಂದು ಉಂಡೆ ಉಬ್ಬಿ ಬಂತಲ್ಲವೇ? ಅದೇ ಕೈಯನ್ನು ಮಡಚುವ ಸ್ನಾಯು. ಈಗ ಬಲ ಅಂಗೈಯನ್ನು ತೋಳಿನ ಹಿಂಭಾಗಕ್ಕೆ ತಂದು, ಎಡಗೈಯಿಂದ ಒಂದು ಮೇಜನ್ನೋ ಗೋಡೆಯನ್ನೋ ಒತ್ತಿ ನೋಡಿ. ಈ ಸಲ ಹಿಂಭಾಗ ಗಟ್ಟಿಯಾಯಿತು. ಅದು ಕೈಯನ್ನು ನೀಡುವ ಸ್ನಾಯು. ಮಡಚುವುದಕ್ಕೆ ಒಬ್ಬ, ನೀಡುವುದಕ್ಕೆ ಇನ್ನೊಬ್ಬ. ಒಂದೇ ಕೆಲಸಕ್ಕೆ ಇಬ್ಬರು ಆಳು ಏಕೆ?

ಇದಕ್ಕೆ ಉತ್ತರ ಮಗ್ಗದಲ್ಲಿದೆ. ನಮ್ಮ ಸೇಲಂ ಕಡೆ ಕನ್ನಡ ಮಾತಾಡುವ ದೇವಾಂಗರಿಗೆ ನೇಯ್ಗೆ ಕುಲಕಸುಬು. ನಮ್ಮ ತಂದೆಯವರೂ ಗುಂಡಿ ಮಗ್ಗದ ಅಂಚಿನಲ್ಲಿ ಕುಳಿತು, ಎರಡೂ ಕಾಲು ಗುಂಡಿಯೊಳಗೆ ಇಳಿಬಿಟ್ಟು ನೇಯುತ್ತಿದ್ದರು. ಬಲಗಾಲಿನಿಂದ ಒಂದು ಹಲಗೆ ತುಳಿದರೆ ಒಂದು ಸಾಲು ಎಳೆ ಕೆಳಗಿಳಿಯುತ್ತದೆ, ಇನ್ನೊಂದು ಸಾಲು ಮೇಲೇಳುತ್ತದೆ. ನಡುವೆ ಲಾಳಿ ಓಡುತ್ತದೆ. ಎಡಗಾಲಿನ ಹಲಗೆ ತುಳಿದರೆ ಇದು ತಿರುಗುಮುರುಗು. ಹಲಗೆಗೆ ಕಟ್ಟಿರುವುದು ಹಗ್ಗ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಅದಕ್ಕೇ ಎರಡು ಹಗ್ಗ, ಎರಡು ಹಲಗೆ. ನಮ್ಮ ಸ್ನಾಯುವಿನ ಕತೆಯೂ ಇದೇ. ಸ್ನಾಯು ಕುಗ್ಗಿ ಎಳೆಯಬಲ್ಲದು, ಎಂದೂ ತಳ್ಳಲಾರದು. ಆದ್ದರಿಂದ ಮೈಯ ಪ್ರತಿಯೊಂದು ಕೀಲಿಗೂ ಎದುರುಬದುರಾಗಿ ನಿಂತ ಸ್ನಾಯುಗಳ ಜೋಡಿ ಬೇಕು.

ಇನ್ನೊಂದು ಸಂಗತಿ. ಎರಡು ಹಲಗೆಯನ್ನೂ ಒಟ್ಟಿಗೆ ತುಳಿದರೆ ಎಳೆಗಳು ಬಾಯಿ ಬಿಡುವುದಿಲ್ಲ, ಲಾಳಿ ಓಡುವುದಿಲ್ಲ. ಹಾಗೆಯೇ ಒಂದು ಸ್ನಾಯು ಎಳೆಯುವಾಗ ಎದುರಿನದು ಸಡಿಲ ಬಿಡಬೇಕು. ನೋವಿಗೆ ಹೆದರಿದ ಮನುಷ್ಯ ಎರಡನ್ನೂ ಒಟ್ಟಿಗೆ ಬಿಗಿಹಿಡಿಯುತ್ತಾನೆ. ಕೀಲು ಕದಲುವುದಿಲ್ಲ. ಪೆಟ್ಟು ಬಿದ್ದವರ ಕೈಕಾಲು ಮರದ ಕೊರಡಿನಂತಾಗುವುದಕ್ಕೆ ಇದೂ ಒಂದು ಕಾರಣ.

ಮೂಳೆ ಮತ್ತು ಮೂಳೆ ಸೇರುವ ಜಾಗವೇ ಕೀಲು. ಗಡಿಯ ನಮಗೆ ಈ ಪದ ಎರಡು ಕಡೆಯಿಂದಲೂ ಪರಿಚಿತ. ತಮಿಳಿನಲ್ಲಿ ಕೀಲಿಗೆ ಮೂಟ್ಟು ಎನ್ನುತ್ತಾರೆ, ಆದರೆ ಕೀಲುನೋವಿನ ರೋಗಕ್ಕೆ ಕೀಲ್ವಾದಂ ಎಂದೇ ಹೆಸರು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಸುತ್ತ ಒಂದು ಚೀಲ, ಚೀಲದೊಳಗೆ ಎಣ್ಣೆಯಂಥ ಜಾರುದ್ರವ. ಮೂಳೆಯನ್ನು ಮೂಳೆಗೆ ಬಿಗಿದಿರುವ ಪಟ್ಟಿಗೆ ಅಸ್ಥಿರಜ್ಜು ಎಂದು ಹೆಸರು. ಸ್ನಾಯುವನ್ನು ಮೂಳೆಗೆ ಕಟ್ಟಿದ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಕಾಲು ಹೊರಳಿದಾಗ ಕನ್ನಡದಲ್ಲಿ ಉಳುಕು, ತಮಿಳಿನಲ್ಲಿ ಸುಳುಕ್ಕು ಎನ್ನುತ್ತೇವಲ್ಲ, ಆಗ ಸಾಮಾನ್ಯವಾಗಿ ಎಳೆದುಹೋಗುವುದು ಅಥವಾ ಹರಿಯುವುದು ಈ ಅಸ್ಥಿರಜ್ಜು.

ಬ್ಯಾಂಕಿನವನಲ್ಲವೇ, ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿ 5 ಕಿಲೋ ಅಕ್ಕಿಯ ಚೀಲ ಹಿಡಿದಿದ್ದೀರಿ ಎನ್ನಿ. ಮೊಣಕೈಯಿಂದ ಅಂಗೈಗೆ ಸುಮಾರು 35 ಸೆಂಟಿಮೀಟರು. ಆದರೆ ಮಡಚುವ ಸ್ನಾಯು ಮುಂಗೈ ಮೂಳೆಗೆ ಕಟ್ಟಿಕೊಂಡಿರುವುದು ಮೊಣಕೈಯಿಂದ ಸುಮಾರು 5 ಸೆಂಟಿಮೀಟರಿನಲ್ಲಿ. ಭಾರ ಏಳು ಪಟ್ಟು ದೂರದಲ್ಲಿದೆ, ಆದ್ದರಿಂದ ಸ್ನಾಯು ಏಳು ಪಟ್ಟು ಬಲದಿಂದ ಎಳೆಯಬೇಕು. ಅಂದರೆ 5 ಕಿಲೋ ಹಿಡಿಯಲು 35 ಕಿಲೋ ಎಳೆತ! ನಷ್ಟದ ವ್ಯಾಪಾರ ಎನ್ನುತ್ತೀರಾ? ಅಲ್ಲ. ಸ್ನಾಯು ಸ್ವಲ್ಪವೇ ಕುಗ್ಗಿದರೂ ಅಂಗೈ ಏಳು ಪಟ್ಟು ದೂರ ಸಾಗುತ್ತದೆ. ಬಲ ಖರ್ಚು ಮಾಡಿ ಮೈ ವೇಗವನ್ನು ಕೊಂಡುಕೊಂಡಿದೆ. ಲಾಳಿ ಎಸೆಯುವ ಕೈಗೆ, ಕಲ್ಲು ಬೀಸುವ ಕೈಗೆ ಬೇಕಾದದ್ದು ಆ ವೇಗವೇ.

ಮೊಣಕಾಲಿನಲ್ಲಿ ಏರ್ಪಾಡು ಸ್ವಲ್ಪ ಬೇರೆ. ತೊಡೆಯ ಮುಂದೆ ನಾಲ್ಕು ಭಾಗಗಳ ದೊಡ್ಡ ಸ್ನಾಯು ಇದೆ. ಅದು ಕಾಲನ್ನು ನೀಡುತ್ತದೆ. ತೊಡೆಯ ಹಿಂದೆ ಇರುವ ಮೂರು ಸ್ನಾಯುಗಳು ಮಡಚುತ್ತವೆ. ಮೊಣಕಾಲಿನ ಚಿಪ್ಪು ಸುಮ್ಮನೆ ಕುಳಿತ ಮುಚ್ಚಳವಲ್ಲ. ಅದು ಮುಂದಿನ ಸ್ನಾಯುವಿನ ಹುರಿಯನ್ನು ಕೀಲಿನಿಂದ ಸ್ವಲ್ಪ ಮುಂದಕ್ಕೆ ಎತ್ತಿಹಿಡಿದು, ಎಳೆತದ ಫಲವನ್ನು ಹೆಚ್ಚಿಸುತ್ತದೆ. ಬಾವಿಯ ರಾಟೆ ಹಗ್ಗವನ್ನು ಅಂಚಿನ ಕಲ್ಲಿಗೆ ಉಜ್ಜದಂತೆ ಎತ್ತಿಹಿಡಿಯುವುದಿಲ್ಲವೇ, ಸುಮಾರಾಗಿ ಹಾಗೆ.

ಸ್ನಾಯು ಮಾಡುವ ಕೆಲಸ ಮೂರು ಬಗೆ. ಕುಗ್ಗುತ್ತಾ ಎಳೆಯುವುದು ಒಂದು. ಉದ್ದ ಬದಲಾಗದೆ ಬಿಗಿಯಾಗಿ ಹಿಡಿದು ನಿಲ್ಲುವುದು ಇನ್ನೊಂದು. ಮೂರನೆಯದನ್ನು ನಾವು ಗಮನಿಸುವುದೇ ಇಲ್ಲ: ಭಾರವನ್ನು ತಡೆಯುತ್ತಾ ನಿಧಾನವಾಗಿ ಸಡಿಲಿಸುವುದು. ನಮ್ಮ ಕಡೆಯಿಂದ ಪಾಲಾರ್ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರಿದ್ದೀರಿ. ಏರುವಾಗ ಉಸಿರು ಕಟ್ಟುತ್ತದೆ. ಆದರೆ ಮಾರನೆಯ ದಿನ ತೊಡೆ ಹಿಡಿದುಕೊಂಡು ನೋಯುವುದು ಮುಖ್ಯವಾಗಿ ಇಳಿದದ್ದರಿಂದ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಎಳೆಸಿಕೊಳ್ಳುತ್ತಲೇ ಬ್ರೇಕು ಹಾಕುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಸಣ್ಣ ಎಳೆಗಳಿಗೆ ಇದರಿಂದ ಗಾಸಿಯಾಗುತ್ತದೆ. ಒಂದೆರಡು ದಿನದಲ್ಲಿ ಇದು ಜಾಸ್ತಿಯಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಹೆದರಬೇಕಾಗಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಂಜೆ ಬ್ಯಾಂಕಿನಿಂದ ಮೊಪೆಡ್ಡಿನಲ್ಲಿ ಬರುವಾಗ ಜಲ್ಲಿಕಲ್ಲಿನ ಮೇಲೆ ಚಕ್ರ ಜಾರಿತು. ಬಲಗೈ ಊರಿ ಬಿದ್ದೆ. ಮೊಣಕೈ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಕೂಡಿಸಿ ಕಟ್ಟು ಹಾಕಿದರು. ಕಟ್ಟು ಬಿಚ್ಚಿದಾಗ ಕೈ ಅರ್ಧಕ್ಕೆ ನಿಂತಿತ್ತು. ಕಟ್ಟು ಬಿಚ್ಚಿದ ಯಾವ ಕೈಯೂ ಮೊದಲ ದಿನ ಹಾಗೆಯೇ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಆತುರ. ಎಣ್ಣೆ ತಿಕ್ಕಿ ನೀವುವ ಒಬ್ಬರ ಬಳಿ ಹೋದೆ. ಅವರು ಕೆಟ್ಟವರಲ್ಲ, ಕಾಸಿಗೆ ಆಸೆಪಟ್ಟವರೂ ಅಲ್ಲ. ದಿನವೂ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿದರು, ಕೈಯನ್ನು ಹಿಡಿದು ಬಲವಂತವಾಗಿ ಮಡಚಿದರು. ನಾನು ಹಲ್ಲು ಕಚ್ಚಿ ಸಹಿಸಿದೆ. ನೋವಾದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ.

ಮೂರು ವಾರ ಕಳೆಯಿತು. ಕೈ ಮುಂಚೆ ಮಡಚುತ್ತಿದ್ದಷ್ಟೂ ಮಡಚಲಿಲ್ಲ. ಮೊಣಕೈಯ ಮುಂದೆ ಗಟ್ಟಿ ಗಂಟು ಕೈಗೆ ಸಿಕ್ಕಿತು. ಮತ್ತೆ ಎಕ್ಸ್‌ರೇ ತೆಗೆಸಿದೆವು. ಮೂಳೆ ಇರಬಾರದ ಜಾಗದಲ್ಲಿ, ಸ್ನಾಯುವಿನ ಒಳಗೆ, ಮೋಡದಂತೆ ಹೊಸ ಮೂಳೆ ಹುಟ್ಟಿತ್ತು. ಪೆಟ್ಟಿನಲ್ಲಿ ಜಜ್ಜಿಹೋಗಿ ರಕ್ತ ಕಟ್ಟಿದ ಸ್ನಾಯುವನ್ನು ತಿಕ್ಕಿ, ಎಳೆದು, ಮತ್ತೆ ಮತ್ತೆ ಗಾಯ ಮಾಡಿದರೆ ಹೀಗಾಗುವ ಸಂಭವ ಹೆಚ್ಚು. ಮೊಣಕೈ ಮತ್ತು ತೊಡೆಯ ಮುಂಭಾಗ ಇದಕ್ಕೆ ಹೆಸರಾದ ಜಾಗಗಳು. ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಎಣ್ಣೆ ಹಾಕಿ ತಿಕ್ಕಿಸಿದಿರಾ? ಅಂದರೆ ನನ್ನಂಥವರು ಅವರ ಬಳಿಗೆ ಬಹಳ ಮಂದಿ ಬಂದಿದ್ದಾರೆ ಎಂದಾಯಿತು.

ಬಲಗೈಯಿಂದ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ನಾಚಿಕೆಯಾಗಿ ಊಟ ಬಿಟ್ಟು ಬಂದದ್ದುಂಟು. ಹಣೆಗೆ ವಿಭೂತಿ ಹಚ್ಚಲು ಮನೆಯಾಕೆ ಬೇಕಾಯಿತು. ಅಂಗಿಯ ಮೇಲಿನ ಗುಂಡಿ ಹಾಕಲು ಅವಳೇ. ಒಂದು ಕೀಲು ಎಷ್ಟು ಮಡಚಿದರೆ ಮನುಷ್ಯ ಯಾರ ಹಂಗೂ ಇಲ್ಲದೆ ಬದುಕಬಹುದು ಎಂಬ ಲೆಕ್ಕ ಆಗ ತಿಳಿಯಿತು. ಕೈ ಪೂರ್ತಿ ನೀಡಿದ್ದನ್ನು ಸೊನ್ನೆ ಎಂದಿಟ್ಟುಕೊಂಡರೆ, ಮೊಣಕೈ ಸುಮಾರು 140 ಡಿಗ್ರಿ ಮಡಚುತ್ತದೆ. ದಿನನಿತ್ಯದ ಹೆಚ್ಚಿನ ಕೆಲಸಗಳು 30ರಿಂದ 130 ಡಿಗ್ರಿಯ ನಡುವೆ ಸಾಗಿಹೋಗುತ್ತವೆ. ಬಾಯಿಗೆ ತುತ್ತು ತಲುಪುವುದು 130ರ ಹತ್ತಿರ. ನನ್ನ ಕೈ 80ಕ್ಕೆ ನಿಂತಿತ್ತು.

ಮೊಣಕಾಲಿಗೂ ಇಂಥ ಲೆಕ್ಕ ಇದೆ. ಸಮನೆಲದಲ್ಲಿ ನಡೆಯಲು ಸುಮಾರು 60 ಡಿಗ್ರಿ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳಲು 90ರ ಮೇಲೆ ಬೇಕು. ಕುಕ್ಕುರುಗಾಲಲ್ಲಿ ಕೂರಲು 130 ಡಿಗ್ರಿಗೂ ಹೆಚ್ಚು. ಆದ್ದರಿಂದ ಮೊಣಕಾಲಿಗೆ ಪೆಟ್ಟಾದವರು ನಿಮ್ಮ ಕೆಲಸ ಏನೆಂದು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಮಗ್ಗದವನೋ, ನೆಲಗಡಲೆ ಕೀಳಲು ಕೂರುವವಳೋ, ಮೇಜಿನ ಮುಂದೆ ಕೂರುವವನೋ ಎಂಬುದರ ಮೇಲೆ ಬೇಕಾದ ವ್ಯಾಯಾಮವೂ ಬದಲಾಗುತ್ತದೆ.

ನನ್ನ ಕೈಗೆ ಮತ್ತೆ ದಾರಿ ತೋರಿಸಿದವರು ಸರ್ಕಾರಿ ಆಸ್ಪತ್ರೆಯ ಒಬ್ಬ ಫಿಸಿಯೋಥೆರಪಿಯ ಹೆಣ್ಣುಮಗಳು. ನನ್ನ ಮಗಳ ವಯಸ್ಸು. ನಾನು ಕೈ ಮುಂದೆ ಚಾಚಿ, ಎಳೆಯಮ್ಮಾ ಎಂದು ಕಣ್ಣು ಮುಚ್ಚಿಕೊಂಡೆ. ಆಕೆ ಮುಟ್ಟಲೇ ಇಲ್ಲ. "ಅಯ್ಯಾ, ನಾನ್ ಮಡಕ್ಕ ಮಾಟ್ಟೇನ್. ನೀಂಗಳೇ ಮಡಕ್ಕುಂಗ" ಎಂದಳು. ನಾನು ಮಡಚುವುದಿಲ್ಲ, ನೀವೇ ಮಡಚಿ ಎಂದು. ಆಮೇಲೆ "ನೀಟ್ಟುಂಗ" ಎಂದಳು. ತಮಿಳಿನ ಮಡಕ್ಕು ನಮ್ಮ ಮಡಚು, ತಮಿಳಿನ ನೀಟ್ಟು ನಮ್ಮ ನೀಡು. ಕಾಲು ನೀಡಿಕೊಂಡು ಕುಳಿತ ಎನ್ನುತ್ತೇವಲ್ಲ, ಅದೇ ನೀಡು. ಎರಡು ಭಾಷೆಯಲ್ಲೂ ಒಂದೇ ಮಾತು, ಒಂದೇ ಔಷಧಿ.

ಇತರರು ಬಲವಂತವಾಗಿ ಮಡಚಿದರೆ ಎಲ್ಲಿ ನಿಲ್ಲಿಸಬೇಕೆಂದು ಅವರ ಕೈಗೆ ತಿಳಿಯದು. ನಾವೇ ಮಡಚಿದರೆ ನಮ್ಮ ಸ್ನಾಯುವೇ ಎಳೆಯುತ್ತದೆ, ಎದುರಿನದು ಸಡಿಲಿಸಲು ಕಲಿಯುತ್ತದೆ, ಗಾಯವಾಗುವ ಮುನ್ನ ನೋವು ನಮ್ಮನ್ನು ತಡೆಯುತ್ತದೆ. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ಹತ್ತು ಸಲ. ಇದನ್ನು ನಾನು ಬ್ಯಾಂಕಿನ ರೆಕರಿಂಗ್ ಡೆಪಾಸಿಟ್ ಎಂದುಕೊಂಡೆ. ಒಂದೇ ದಿನ ಒಂದು ವರ್ಷದ ಕಂತು ಕಟ್ಟಲಾಗದು, ಒಂದು ಕಂತು ತಪ್ಪಿಸಲೂ ಬಾರದು. ಎಂಟು ತಿಂಗಳು ಕಟ್ಟಿದೆ. ಈಗ ಕೈ 125 ಡಿಗ್ರಿಗೆ ಬರುತ್ತದೆ. ಕತ್ತು ಸ್ವಲ್ಪ ಬಗ್ಗಿಸಿದರೆ ತುತ್ತು ಬಾಯಿಗೆ ಸಿಗುತ್ತದೆ. ಭುಜವನ್ನು ಮುಟ್ಟಲಾರೆ. ಆ ಹದಿನೈದು ಡಿಗ್ರಿ ನನ್ನ ಆತುರಕ್ಕೆ ತೆತ್ತ ದಂಡ.

ಹಾಗಾದರೆ ಪೂರ್ತಿ ವಿಶ್ರಾಂತಿ ಒಳ್ಳೆಯದೋ, ಬೇಗ ಆಡಿಸುವುದು ಒಳ್ಳೆಯದೋ? ಈ ಜಗಳ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹ್ಯೂ ಓವನ್ ಥಾಮಸ್ ಎಂಬ ವೈದ್ಯರಿದ್ದರು. ನಾಟಿ ಮೂಳೆ ಕಟ್ಟುವವರ ವಂಶದಲ್ಲಿ ಹುಟ್ಟಿ ವೈದ್ಯ ಓದಿದವರು. ದೀರ್ಘವಾದ, ಕದಲದ ವಿಶ್ರಾಂತಿಯೇ ಮದ್ದು ಎಂದು ಅವರ ವಾದ. ಅದೇ ಕಾಲದಲ್ಲಿ ಫ್ರಾನ್ಸಿನ ಲೂಕಾ ಶಾಂಪಿಯೊನಿಯೇರ್ ಎಂಬ ಶಸ್ತ್ರವೈದ್ಯರು ಮುರಿದ ಕೈಕಾಲನ್ನೂ ಬೇಗ ಮೆಲ್ಲಗೆ ಆಡಿಸಬೇಕು ಎಂದರು. ಇಂದಿನ ವೈದ್ಯರು ಇಬ್ಬರ ಮಾತಿನಲ್ಲೂ ತಿರುಳನ್ನು ಉಳಿಸಿಕೊಂಡಿದ್ದಾರೆ. ಮುರಿದ ಮೂಳೆ ಕದಲಬಾರದು. ಆದರೆ ಅದರ ಸುತ್ತಲಿನ ಕೀಲುಗಳು ಮಲಗಿರಬಾರದು. ಕೈಗೆ ಕಟ್ಟು ಹಾಕಿದ್ದರೂ ಬೆರಳು ಮಡಚಿ ನೀಡಬೇಕು, ಭುಜ ಎತ್ತಬೇಕು. ಕಾಲಿಗೆ ಕಟ್ಟು ಇದ್ದರೂ ಕಾಲ್ಬೆರಳು ಆಡುತ್ತಿರಬೇಕು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸ್ನಾಯುವಿಗೂ ಸಲ್ಲುತ್ತದೆ. ಒಂದೆರಡು ವಾರ ಆಡಿಸದೆ ಬಿಟ್ಟರೇ ತೊಡೆ ಸೊರಗುವುದು ಕಣ್ಣಿಗೆ ಕಾಣುತ್ತದೆ. ಮೊಣಕಾಲು ಊದಿಕೊಂಡಾಗ ತೊಡೆಯ ಮುಂದಿನ ಸ್ನಾಯುವಿಗೆ ಹೋಗುವ ಅಪ್ಪಣೆಯೇ ನರಗಳಲ್ಲಿ ತಗ್ಗುತ್ತದೆ. ಕಾಲು ತಾನಾಗಿ ಕುಸಿದಂತಾಗುವುದು ಅದಕ್ಕೇ. ಇದಕ್ಕೆ ಸುಲಭವಾದ ಒಂದು ವ್ಯಾಯಾಮವನ್ನು ಎಲ್ಲ ಆಸ್ಪತ್ರೆಗಳಲ್ಲೂ ಹೇಳಿಕೊಡುತ್ತಾರೆ. ಕಾಲು ನೀಡಿ ಕುಳಿತು, ಮೊಣಕಾಲಿನ ಕೆಳಗೆ ಟವೆಲ್ಲಿನ ಸುರುಳಿ ಇಟ್ಟು, ಅದನ್ನು ಮೊಣಕಾಲಿನಿಂದ ಕೆಳಕ್ಕೆ ಒತ್ತಿ ಐದು ಎಣಿಸುವ ತನಕ ಹಿಡಿಯುವುದು, ಬಿಡುವುದು. ಹೀಗೆ ಹತ್ತು ಸಲ. ಇದರಲ್ಲಿ ಕೀಲು ಹೆಚ್ಚು ಕದಲುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ಕಾಲು ಪೂರ್ತಿ ನೀಡಲಾಗದಿದ್ದರೆ ಕುಂಟು ಉಳಿದುಬಿಡುತ್ತದೆ. ಆದ್ದರಿಂದ ಮಡಚುವುದರಷ್ಟೇ ನೀಡುವುದೂ ಮುಖ್ಯ. ನೋಯುವ ಮೊಣಕಾಲಿನ ಕೆಳಗೆ ಸದಾ ದಿಂಬು ಇಟ್ಟು ಮಲಗುವ ಅಭ್ಯಾಸ ಬಿಡಿ.

ವ್ಯಾಯಾಮದಲ್ಲಿ ಎಷ್ಟು ನೋವು ಸಹಿಸಬಹುದು? ಆಕೆ ಹೇಳಿಕೊಟ್ಟ ಸೂತ್ರ ಇದು. ಮಾಡುವಾಗ ಸ್ವಲ್ಪ ನೋವಾಗಿ, ಮುಗಿಸಿದ ಮೇಲೆ ಇಳಿದರೆ ಸರಿ. ಮಾರನೆಯ ಬೆಳಿಗ್ಗೆ ಕೀಲು ಊದಿದ್ದರೆ, ನೋವು ಹೆಚ್ಚಿದ್ದರೆ, ನಿನ್ನೆ ಅತಿಯಾಯಿತು ಎಂದರ್ಥ. ಇಂದು ಕಡಿಮೆ ಮಾಡಿ.

ಹೊಸದಾಗಿ ಪೆಟ್ಟಾದಾಗ ಮೊದಲ ಎರಡು ಮೂರು ದಿನ ಎಣ್ಣೆ ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಇಡಬಹುದು. ಆ ಅಂಗವನ್ನು ಎದೆಗಿಂತ ಮೇಲೆ ಎತ್ತಿಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಆಕಾರ ಸೊಟ್ಟಗಿದ್ದರೆ, ಎಕ್ಸ್‌ರೇ ತೆಗೆಸದೆ ಯಾರ ಕೈಗೂ ಕೊಡಬೇಡಿ.

ಇನ್ನೊಂದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಬಿದಿರಿನ ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರಾಗಲಿ, ಅತಿ ಬಿಗಿಯಾದರೆ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಕುಗ್ಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಮುರುಟಿಕೊಂಡು ಉಳಿಯುತ್ತವೆ. ಜರ್ಮನಿಯ ಫೋಲ್ಕ್‌ಮನ್ ಎಂಬ ವೈದ್ಯರು 1881ರಲ್ಲೇ ಇದನ್ನು ವಿವರಿಸಿದರು. ಕಟ್ಟು ಹಾಕಿದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಬೆರಳು ನೀಡಿದಾಗ ಸಹಿಸಲಾಗದ ನೋವಾದರೆ, ಬೆರಳು ಜೋಮು ಹಿಡಿದರೆ, ಬಿಳಿಚಿಕೊಂಡರೆ, ಬೆಳಗಾಗಲಿ ನೋಡೋಣ ಎನ್ನಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಅಳುವ ಮಗುವಿಗೆ ಹಟ ಎಂದು ಗದರಬೇಡಿ.

ನಮ್ಮ ಜಿಲ್ಲೆಯವರೇ ಇಬ್ಬರನ್ನು ನೆನೆಯೋಣ. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಅವರ ಬಲಗಾಲು ಐದನೇ ವಯಸ್ಸಿನಲ್ಲಿ ಬಸ್ಸಿಗೆ ಸಿಕ್ಕಿ ಜಜ್ಜಿಹೋಯಿತು. ಆ ಕಾಲು ಮತ್ತೆ ಮೊದಲಿನಂತಾಗಲಿಲ್ಲ. ಆದರೆ ಉಳಿದ ಸ್ನಾಯುಗಳನ್ನು ಅವರು ಪಳಗಿಸಿದರು. ಬೆಂಗಳೂರಿನಲ್ಲಿ ತರಬೇತಿ ಪಡೆದು 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ 1.89 ಮೀಟರು ಎತ್ತರ ಜಿಗಿದು ಚಿನ್ನ ತಂದರು. ಮುಂದೆ ಟೋಕಿಯೊದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸಿನಲ್ಲಿ ಕಂಚು. ಚಿನ್ನಪ್ಪಂಪಟ್ಟಿಯ ಕ್ರಿಕೆಟ್ ಬೌಲರ್ ನಟರಾಜನ್ ಅವರಿಗೆ 2021ರ ಏಪ್ರಿಲ್‌ನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. 2022ರ ಐಪಿಎಲ್‌ನಲ್ಲಿ ಮತ್ತೆ ಚೆಂಡೆಸೆದರು. ಚಾಕು ಹಿಡಿದ ವೈದ್ಯರ ಕೆಲಸ ಕೆಲವು ಗಂಟೆಗಳದ್ದು. ಉಳಿದ ತಿಂಗಳುಗಳು ಮಡಚುವ, ನೀಡುವ ಬೇಸರದ ಕೆಲಸದವು.

ಆಸ್ಪತ್ರೆ ದೂರ, ಬಸ್ಸು ಅಪರೂಪ ಎನ್ನುವ ಹಳ್ಳಿಗಳು ನಮ್ಮಲ್ಲಿ ಬಹಳ. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಮಕ್ಕಳೈ ತೇಡಿ ಮರುತ್ತುವಂ ಎಂಬ ಯೋಜನೆಯನ್ನು ಆರಂಭಿಸಿದ್ದು, ಹಿಂದೆ ಧರ್ಮಪುರಿಗೆ ಸೇರಿದ್ದು 2004ರಲ್ಲಿ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರೋಗಿಯ ಮನೆಗೇ ಬಂದು ಫಿಸಿಯೋಥೆರಪಿ ಮಾಡಿಸುವುದೂ ಅದರಲ್ಲಿ ಸೇರಿತ್ತು. ನಿಮ್ಮ ಊರಿನ ಆರೋಗ್ಯ ನರ್ಸಮ್ಮನವರನ್ನು ವಿಚಾರಿಸಿ. ಆಸ್ಪತ್ರೆಯಲ್ಲಿ ತಮಿಳು ಸರಿಯಾಗಿ ಬಾರದ ಅಜ್ಜ ಅಜ್ಜಿಯರ ಜೊತೆ ಯಾರಾದರೂ ಹೋಗಿ. ಎಲ್ಲಿ ನೋವು, ಎಷ್ಟು ಮಡಚಿದರೆ ನೋವು ಎಂಬುದನ್ನು ಅವರ ಮಾತಿನಲ್ಲಿ ಕೇಳಿ, ವೈದ್ಯರ ಮಾತಿಗೆ ತಿರುಗಿಸಿ ಹೇಳಿ. ಎರಡು ಭಾಷೆ ಬಲ್ಲ ನಮ್ಮಿಂದ ಆಗಬಹುದಾದ ಸಹಾಯ ಇದು.

ಈ ಬರಹವನ್ನು ನಾನು ಬಲಗೈಯಲ್ಲೇ ಬರೆದೆ. ನಡುನಡುವೆ ಲೇಖನಿ ಕೆಳಗಿಟ್ಟು ಹತ್ತು ಸಲ ಮಡಚಿದೆ, ಹತ್ತು ಸಲ ನೀಡಿದೆ. ಇಂದಿನ ಕಂತು ಕಟ್ಟಿಯಾಯಿತು. ನಿಮ್ಮ ಮನೆಯಲ್ಲಿ ಕಟ್ಟು ಬಿಚ್ಚಿಸಿಕೊಂಡು ಕುಳಿತವರು ಯಾರಾದರೂ ಇದ್ದರೆ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ಅವರಿಗೆ ಇದನ್ನು ಓದಿಹೇಳಿ.